ಮಾತೃಕೆಯ ಆಯಾಮ: ಗಣಕಕ್ಕೆ ಯಾವ ಪ್ರಶ್ನೆ ಕೇಳಬೇಕು?

ಮೊದಲು ಅಡ್ಡಸಾಲು, ಆಮೇಲೆ ಕಂಬಸಾಲು ಎಂಬ ಕ್ರಮವನ್ನು ದ್ವಿತೀಯ ಪಿಯುಸಿ ವಿದ್ಯಾರ್ಥಿಗಳು ಗಣಿತ ತರಗತಿಯಲ್ಲೇ ಕಲಿಯುತ್ತಾರೆ. ತೊಡಕು ಶುರುವಾಗುವುದು ಗಣಕ ಪ್ರಯೋಗಾಲಯದಲ್ಲಿ. ಅಲ್ಲಿ ಮಾತೃಕೆ ಹಲಗೆಯ ಮೇಲೆ ಕಣ್ಣಿಗೆ ಕಾಣುವಂತೆ ಇರುವುದಿಲ್ಲ. ಕಡತದಿಂದ ಬಂದ ಅಂಕಿಗಳಲ್ಲಿ ಎಷ್ಟು ಸಾಲುಗಳಿವೆ ಎಂದು ಪ್ರೋಗ್ರಾಮಿನ ಮೂಲಕವೇ ಕೇಳಿ ತಿಳಿಯಬೇಕು. ಕೇಳುವ ಆದೇಶಗಳು ಹಲವು, ಅವು ಕೊಡುವ ಉತ್ತರಗಳೂ ಬೇರೆ ಬೇರೆ. ಈ ಪಾಠವನ್ನು ಬೋಧಿಸುವ ಪ್ರಶಿಕ್ಷಣಾರ್ಥಿಗಳು ಗಮನಿಸಬೇಕಾದ ಅಂಶಗಳು ಇಲ್ಲಿವೆ.

ಉದಾಹರಣೆಯ ಆಯ್ಕೆ

ವರ್ಗ ಮಾತೃಕೆಯಿಂದ ಪಾಠ ಆರಂಭಿಸಬೇಡಿ. 3×3 ಮಾತೃಕೆಯಲ್ಲಿ ಅಡ್ಡಸಾಲು ಕೇಳಿದರೂ ಕಂಬಸಾಲು ಕೇಳಿದರೂ ಉತ್ತರ 3. ತಪ್ಪಾಗಿ ಅರ್ಥಮಾಡಿಕೊಂಡ ವಿದ್ಯಾರ್ಥಿಯ ಉತ್ತರವೂ ಸರಿಯಾಗಿಯೇ ಬರುತ್ತದೆ. ಬದಲಿಗೆ 3 ವಿದ್ಯಾರ್ಥಿಗಳು 5 ವಿಷಯಗಳಲ್ಲಿ ಪಡೆದ ಅಂಕಗಳ ಪಟ್ಟಿಯನ್ನು ಬರೆಯಿರಿ. ವಿದ್ಯಾರ್ಥಿಗೊಂದು ಅಡ್ಡಸಾಲು, ವಿಷಯಕ್ಕೊಂದು ಕಂಬಸಾಲು.

ಆಕ್ಟೇವ್ ಮತ್ತು ಮ್ಯಾಟ್‌ಲ್ಯಾಬ್

'ಸೈಜ್' ಆದೇಶ ಈ ಪಟ್ಟಿಗೆ 3, 5 ಎಂಬ ಎರಡು ಸಂಖ್ಯೆಗಳನ್ನು ಕೊಡುತ್ತದೆ. ಅಡ್ಡಸಾಲುಗಳ ಸಂಖ್ಯೆ ಮಾತ್ರ ಬೇಕಿದ್ದರೆ ಆವರಣದೊಳಗೆ ಮಾತೃಕೆಯ ಹೆಸರಿನ ಮುಂದೆ 1, ಕಂಬಸಾಲುಗಳಿಗೆ 2 ಎಂದು ಬರೆಯಬೇಕು. 'ನ್ಯೂಮೆಲ್' ಒಟ್ಟು ಅಂಶಗಳನ್ನು, ಅಂದರೆ 15ನ್ನು ಕೊಡುತ್ತದೆ. 'ಲೆಂಗ್ತ್' ಕೊಡುವುದು 5. ಏಕೆಂದರೆ ಅದು ಎರಡು ಆಯಾಮಗಳಲ್ಲಿ ದೊಡ್ಡದನ್ನು ಹೇಳುತ್ತದೆ.

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಗಣಿತ ವಿಷಯದ ಕಂಬಸಾಲಿನಲ್ಲಿ 60, 70, 80 ಇವೆ ಎನ್ನೋಣ. ಮೊತ್ತ 210, ಸರಾಸರಿ 70. ಆದರೆ ಮೊತ್ತವನ್ನು 'ಲೆಂಗ್ತ್'ನಿಂದ ಭಾಗಿಸಿದರೆ 42 ಬರುತ್ತದೆ. ಗಣಕ ಯಾವ ದೋಷವನ್ನೂ ತೋರಿಸುವುದಿಲ್ಲ. ಇದೇ ಪ್ರೋಗ್ರಾಮಿಗೆ 40 ವಿದ್ಯಾರ್ಥಿಗಳ, 5 ವಿಷಯಗಳ ಪಟ್ಟಿ ಕೊಟ್ಟರೆ ದೊಡ್ಡ ಆಯಾಮ ಅಡ್ಡಸಾಲುಗಳದ್ದೇ ಆಗಿರುವುದರಿಂದ ಸರಿಯುತ್ತರ ಬರುತ್ತದೆ, ತಪ್ಪು ಅಡಗಿಕೊಂಡೇ ಉಳಿಯುತ್ತದೆ. ಆದ್ದರಿಂದ ಪ್ರತಿ ಪ್ರೋಗ್ರಾಮನ್ನೂ ಎತ್ತರದ ಪಟ್ಟಿ, ಅಗಲದ ಪಟ್ಟಿ ಎರಡರಿಂದಲೂ ಪರೀಕ್ಷಿಸುವ ಅಭ್ಯಾಸ ಮಾಡಿಸಿ.

ಪೈಥಾನ್‌ನ ನಮ್‌ಪೈ

ಇಲ್ಲಿ ಆಯಾಮ ತಿಳಿಸುವುದು 'ಶೇಪ್'. ಅದೇ ಪಟ್ಟಿಗೆ 3, 5 ಎಂಬ ಜೋಡಿ ಸಿಗುತ್ತದೆ. ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ ಅಡ್ಡಸಾಲುಗಳ ಸ್ಥಾನ 0, ಕಂಬಸಾಲುಗಳ ಸ್ಥಾನ 1. 'ಲೆನ್' ಯಾವಾಗಲೂ ಮೊದಲ ಆಯಾಮವನ್ನೇ, ಅಂದರೆ 3ನ್ನು ಕೊಡುತ್ತದೆ. 'ಸೈಜ್' ಎಂಬ ಹೆಸರು ಇಲ್ಲಿಯೂ ಇದೆ, ಆದರೆ ಅರ್ಥ ಬೇರೆ: ಒಟ್ಟು ಅಂಶಗಳು, 15. ಎರಡೂ ಭಾಷೆಗಳನ್ನು ಕಲಿಸುವವರು ಈ ವ್ಯತ್ಯಾಸವನ್ನು ಹಲಗೆಯ ಮೇಲೆ ಅಕ್ಕಪಕ್ಕ ಬರೆದು ತೋರಿಸಬೇಕು.

ಒಂದೇ ಸಾಲಿನ ಅಂಕಿಗಳಲ್ಲೂ ಭೇದವಿದೆ. 60, 70, 80 ಎಂಬ ಸಾಲು ಆಕ್ಟೇವ್‌ನಲ್ಲಿ 1×3 ಮಾತೃಕೆ. ನಮ್‌ಪೈಯಲ್ಲಿ ಇವನ್ನು ಒಂದೇ ಆವರಣದಲ್ಲಿ ಬರೆದರೆ ಸಿಗುವುದು 3 ಎಂಬ ಒಂದೇ ಆಯಾಮ. ಅದು ಅಡ್ಡಸಾಲೂ ಅಲ್ಲ, ಕಂಬಸಾಲೂ ಅಲ್ಲ. ಪರಿವರ್ತ ಮಾಡಿದರೂ ಬದಲಾಗದು.

ಮೌಲ್ಯಮಾಪನ

ಉತ್ತರವನ್ನು ಮೊದಲು ಪುಸ್ತಕದಲ್ಲಿ ಬರೆಸಿ, ನಂತರ ಗಣಕದಲ್ಲಿ ನೋಡಲು ಹೇಳಿ.

1. 2×6 ಮಾತೃಕೆಗೆ ಆಕ್ಟೇವ್‌ನ ಮೂರು ಆದೇಶಗಳು ಏನು ಕೊಡುತ್ತವೆ?
2. ಅದರ ಪರಿವರ್ತಕ್ಕೆ ಯಾವ ಉತ್ತರ ಬದಲಾಗುತ್ತದೆ?

ಎರಡನೆಯದರಲ್ಲಿ ಬದಲಾಗುವುದು 'ಸೈಜ್' ಒಂದೇ. ಸಾಲು ಯಾವುದು, ಕಂಬ ಯಾವುದು ಎಂದು ಉಳಿದೆರಡು ಆದೇಶಗಳು ಹೇಳುವುದೇ ಇಲ್ಲ. ಇದನ್ನು ವಿದ್ಯಾರ್ಥಿಗಳು ತಾವಾಗಿಯೇ ಕಂಡುಕೊಂಡರೆ ಪಾಠದ ಉದ್ದೇಶ ಈಡೇರಿದಂತೆ.