ಬಿಲ್ಲೆ ಕೊಳ್ಳುವ ಮುನ್ನ ಅದರ ಊರು ಕೇಳಿ

ಒಂದು ಬದಿಯಲ್ಲಿ ಶ್ರೀರಾಮನ ಪಟ್ಟಾಭಿಷೇಕ. ಇನ್ನೊಂದು ಬದಿಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಈಸ್ಟ್ ಇಂಡಿಯಾ ಕಂಪನಿ’, ‘ಒನ್ ಆಣಾ’, ಕೆಳಗೆ ‘1818’. ಇಂಥ ತಾಮ್ರದ ಬಿಲ್ಲೆ ಕರ್ನಾಟಕದ ಎಷ್ಟೋ ಮನೆಗಳ ದೇವರ ಗೂಡಿನಲ್ಲಿದೆ. ಅಜ್ಜನ ಕಾಲದ್ದು, ಲಕ್ಷ ಬಾಳುತ್ತದೆ ಎಂದು ನಂಬಿದವರೂ ಬಹಳ. ಪೂಜೆಗೆ ಇಟ್ಟುಕೊಂಡರೆ ಯಾರ ತಕರಾರೂ ಇಲ್ಲ. ಪುರಾತನ ನಾಣ್ಯವೆಂದು ದುಡ್ಡು ಕೊಟ್ಟು ಕೊಂಡರೆ ಮಾತ್ರ ಆ ದುಡ್ಡು ಹೋದಂತೆಯೇ.

ಕಂಪನಿ ಸರ್ಕಾರ ಒಂದಾಣೆಯ ನಾಣ್ಯವನ್ನು ಚಲಾವಣೆಗೆ ತಂದೇ ಇರಲಿಲ್ಲ. ಒಂದಾಣೆ ಜನರ ಕೈಗೆ ಬಂದದ್ದು 1906ರ ನಾಣ್ಯ ಕಾಯ್ದೆಯ ನಂತರ, ಏಳನೇ ಎಡ್ವರ್ಡನ ಕಾಲದಲ್ಲಿ. ಅದೂ ತಾಮ್ರದ್ದಲ್ಲ, ನಿಕ್ಕಲ್ ಬೆರೆತ ಲೋಹದ್ದು, ಅಂಚು ಅಲೆಯಲೆಯಾಗಿದ್ದದ್ದು. ಎರಡಾಣೆ 1841ರಲ್ಲಿ ಬಂತು, ಬೆಳ್ಳಿಯಲ್ಲಿ. ಇನ್ನು ದಾವಣಗೆರೆ, ಹರಿಹರವನ್ನೇ ತೆಗೆದುಕೊಳ್ಳಿ. 1818ರಲ್ಲಿ ಇವೆರಡೂ ಮೈಸೂರು ಸಂಸ್ಥಾನದಲ್ಲಿದ್ದವು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲ ಅದು. ಅವರ ಟಂಕಸಾಲೆಯ ತಾಮ್ರದ ನಾಣ್ಯಗಳ ಮೇಲೆ ಕನ್ನಡದಲ್ಲಿ ‘ಮಯಿಲಿ ಕಾಸು’ ಎಂದೇ ಇರುತ್ತಿತ್ತು. ತುಂಗಭದ್ರೆಯ ಆಚೆ ದಡ ಪೇಶ್ವೆಯ ಕೈಯಿಂದ ಕಂಪನಿಗೆ ಹೋದದ್ದು ಅದೇ 1818ರಲ್ಲಿ. ಅಂದರೆ ಆ ಇಸವಿ ಚರಿತ್ರೆಯಲ್ಲಿ ದೊಡ್ಡದೇ. ಅದರ ಹೆಸರು ಹೊತ್ತ ಬಿಲ್ಲೆ ಮಾತ್ರ ಇತ್ತೀಚಿನದು.

ಇದರ ಹಿಂದೆ ಒಂದು ನಿಜವಾದ ಪರಂಪರೆಯಿದೆ. ರಾಮಟಂಕೆ ಎಂಬ ಪೂಜಾ ಬಿಲ್ಲೆಗಳನ್ನು ಚಿನ್ನ, ಬೆಳ್ಳಿ, ತಾಮ್ರದಲ್ಲಿ ಹಿಂದಿನಿಂದಲೂ ಮಾಡುತ್ತಿದ್ದರು. ಅವು ಹಣವಾಗಿರಲಿಲ್ಲ, ಭಕ್ತಿಯ ವಸ್ತುವಾಗಿದ್ದವು. ಆ ಚಿತ್ರಕ್ಕೆ ಯಾರೋ ಕಂಪನಿಯ ಹೆಸರನ್ನೂ ಹಳೆಯ ಇಸವಿಯನ್ನೂ ಅಂಟಿಸಿದ ಮೇಲೆ ಭಕ್ತಿಯ ವಸ್ತು ಮೋಸದ ಸರಕಾಯಿತು. ಹಳೆಯ ಬಿಲ್ಲೆ ಕೊಳ್ಳಲು ಹೊರಟವರು ಮೊದಲು ಅರಿಯಬೇಕಾದದ್ದು ಇದನ್ನೇ. ನಾಣ್ಯದ ಹಿಂದೆ ಸರ್ಕಾರವಿರುತ್ತದೆ, ದಾಖಲೆಯಿರುತ್ತದೆ. ಬಿಲ್ಲೆಯ ಹಿಂದೆ ಇರುವುದು ಒಂದು ಅಂಗಡಿ, ಒಂದು ಗಿರಣಿ, ಒಂದು ಊರು, ಅಷ್ಟೇ. ಆ ನಂಟು ಕಡಿದರೆ ಉಳಿಯುವುದು ಲೋಹದ ತೂಕ.

ಚಿಲ್ಲರೆ ಸಿಗದಾಗ ಹುಟ್ಟಿದ್ದು

ವ್ಯಾಪಾರದ ಬಿಲ್ಲೆ ಹುಟ್ಟಿದ್ದು ಚಿಲ್ಲರೆಯ ಬರದಿಂದ. ಇಂಗ್ಲೆಂಡಿನಲ್ಲಿ ಸರ್ಕಾರ ಸಣ್ಣ ನಾಣ್ಯಗಳನ್ನು ಸಾಕಷ್ಟು ಟಂಕಿಸದೆ ಹೋದಾಗ 1648ರಿಂದ 1672ರವರೆಗೆ ಅಂಗಡಿಯವರು, ಹೆಂಡದಂಗಡಿಯವರು ತಮ್ಮ ಹೆಸರು, ಊರು ಬರೆಸಿ ತಾವೇ ಬಿಲ್ಲೆ ಹೊರಡಿಸಿದರು. 1787ರಲ್ಲಿ ಆಂಗಲ್ಸಿ ದ್ವೀಪದ ಪ್ಯಾರಿಸ್ ತಾಮ್ರದ ಗಣಿ ಕಂಪನಿ ಕೂಲಿ ಕೊಡಲು ತನ್ನದೇ ತಾಮ್ರದಲ್ಲಿ ಬಿಲ್ಲೆ ಅಚ್ಚು ಹಾಕಿಸಿತು. ಹತ್ತು ವರ್ಷದಲ್ಲಿ ದೇಶದ ತುಂಬ ಇಂಥವೇ ಓಡಾಡಿದವು. ಇವುಗಳನ್ನು ಪಟ್ಟಿ ಮಾಡಿದ ಜೇಮ್ಸ್ ಕಾಂಡರ್ ಎಂಬಾತನ ಪುಸ್ತಕ 1798ರಲ್ಲಿ ಬಂತು. ಇಂದಿಗೂ ಅವು ಕಾಂಡರ್ ಟೋಕನ್ ಎಂದೇ ಹೆಸರಾಗಿವೆ.

ಈ ಕಥೆಯ ಮುಂದಿನ ಭಾಗ ನಮಗೆ ಹೆಚ್ಚು ಮುಖ್ಯ. ಸಂಗ್ರಾಹಕರು ಹೆಚ್ಚಿದ ಕೂಡಲೇ ತಯಾರಕರು ಒಂದರ ಮುಂಭಾಗದ ಅಚ್ಚನ್ನೂ ಇನ್ನೊಂದರ ಹಿಂಭಾಗದ ಅಚ್ಚನ್ನೂ ಕೂಡಿಸಿ, ಯಾವ ಅಂಗಡಿಯಲ್ಲೂ ಎಂದೂ ನಡೆಯದ ‘ಅಪರೂಪದ’ ಬಿಲ್ಲೆಗಳನ್ನು ಸಂಗ್ರಾಹಕರಿಗೆಂದೇ ಮಾಡತೊಡಗಿದರು. ಕೊಳ್ಳುವವರ ಆಸೆ ಇರುವಲ್ಲಿ ಹುಸಿ ಸರಕು ಹುಟ್ಟುವುದು ಇನ್ನೂರು ವರ್ಷಗಳ ಹಿಂದೆಯೂ ಹೀಗೆಯೇ ಇತ್ತು.

ನಮ್ಮ ನೆರೆಯ ಸಿಂಹಳದಲ್ಲಿ 19ನೇ ಶತಮಾನದ ಕಾಫಿ ಗಿರಣಿಗಳು, ತೋಟಗಳು ಕೂಲಿಯಾಳುಗಳಿಗೆ ಬಿಲ್ಲೆ ಕೊಡುತ್ತಿದ್ದವು. ಭಾರತದಲ್ಲಿ ಈ ಪದ್ಧತಿಗೆ ತಡೆ ಹಾಕಿದ್ದು 1889ರ ಲೋಹದ ಟೋಕನ್ ಕಾಯ್ದೆ. ಹಣದ ಬದಲಿಗೆ ನಡೆಯುವಂಥ ಲೋಹದ ತುಂಡನ್ನು ಖಾಸಗಿಯವರು ಮಾಡುವುದು, ಹಂಚುವುದು ಅಪರಾಧವಾಯಿತು. ಈ ಕಾಯ್ದೆ 2011ರ ನಾಣ್ಯ ಕಾಯ್ದೆ ಬರುವವರೆಗೂ ಜಾರಿಯಲ್ಲಿತ್ತು. ಹಣವಾಗಿ ನಡೆಯುವ ಬಿಲ್ಲೆಗೆ ನಿಷೇಧವಿತ್ತೇ ಹೊರತು ಕೆಲಸದ, ಸರದಿಯ, ಹಾಜರಿಯ ಗುರುತಾಗಿ ಕೊಡುವ ಬಿಲ್ಲೆಗೆ ಅಡ್ಡಿಯಿರಲಿಲ್ಲ. ಹಾಗಾಗಿ ನಮ್ಮ ಕಡೆ ಸಿಗುವ ಹಳೆಯ ಬಿಲ್ಲೆಗಳ ಮೇಲೆ ಬೆಲೆಗಿಂತ ಹೆಚ್ಚಾಗಿ ಸಂಸ್ಥೆಯ ಹೆಸರು, ಒಂದು ಸಂಖ್ಯೆ ಇರುತ್ತದೆ. ಬೆಲೆ ಇಲ್ಲವೆಂದು ಇವುಗಳನ್ನು ಕಡೆಗಣಿಸಬಾರದು.

ಎರಡನೇ ಮಹಾಯುದ್ಧದಲ್ಲಿ ಚಿಲ್ಲರೆಗೆ ಮತ್ತೆ ಬರ ಬಂತು. ಸರ್ಕಾರ ಲೋಹ ಉಳಿಸಲು 1943ರಲ್ಲಿ ತೂತಿನ ಕಾಸು ತಂದಿತು. ಪಶ್ಚಿಮ ಭಾರತದ ಹಲವು ಸಂಸ್ಥಾನಗಳು ಕಾಗದದ, ರಟ್ಟಿನ ಕೂಪನ್ನುಗಳನ್ನೇ ಚಿಲ್ಲರೆಯಾಗಿ ಕೊಟ್ಟವು. ಇವೂ ಇಂದು ಸಂಗ್ರಾಹಕರು ಹುಡುಕುವ ವಸ್ತುಗಳೇ.

ಗಿರಣಿಯ ಊರು, ಲೇತಿನ ಊರು

ದಾವಣಗೆರೆ ಪೇಟೆಯಾಗಿ ಬೆಳೆದದ್ದು ಹೈದರಾಲಿಯ ಕಾಲದಲ್ಲಿ. ಮರಾಠಾ ಸರದಾರನೊಬ್ಬನಿಗೆ ಅದನ್ನು ಜಹಗೀರಾಗಿ ಕೊಟ್ಟ ಮೇಲೆ ಆತ ವರ್ತಕರನ್ನು ಕರೆಸಿ ನೆಲೆಗೊಳಿಸಿದ. ಕಂಬಳಿ, ಹತ್ತಿ, ಶೇಂಗಾ ವ್ಯಾಪಾರ ಕುದುರಿತು. 1868ರಲ್ಲಿ ಹರಿಹರದ ಬಳಿ ತುಂಗಭದ್ರೆಗೆ ಸೇತುವೆಯಾಯಿತು. 1880ರ ದಶಕದಲ್ಲಿ ರೈಲು ಬಂತು. ಹೊಳೆಯ ಈಚೆ ಮೈಸೂರು, ಆಚೆ ಮುಂಬೈ ಪ್ರಾಂತ. ನಡುವೆ ನಿಂತ ಹರಿಹರ ಎರಡು ಆಡಳಿತಗಳ ಸರಕು ದಾಟುವ ಗಡಿಯೂರಾಯಿತು. 1930ರ ದಶಕದಲ್ಲಿ ದಾವಣಗೆರೆಯಲ್ಲಿ ಹತ್ತಿ ಗಿರಣಿ ಶುರುವಾಗಿ, ಒಂದರ ಹಿಂದೆ ಒಂದು ಮಿಲ್ಲು ಎದ್ದು, ಊರು ‘ಕರ್ನಾಟಕದ ಮ್ಯಾಂಚೆಸ್ಟರ್’ ಎನಿಸಿಕೊಂಡಿತು. ಮಿಲ್ ಕಾರ್ಮಿಕರ ನಾಯಕ ಪಂಪಾಪತಿ ಕಮ್ಯುನಿಸ್ಟ್ ಪಕ್ಷದಿಂದ ಮೂರು ಬಾರಿ ಇಲ್ಲಿಂದ ವಿಧಾನಸಭೆಗೆ ಆರಿಸಿ ಹೋದರು. ಹರಿಹರದಲ್ಲಿ 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್‌ಗಳು ದೇಶದ ವರ್ಕ್‌ಶಾಪುಗಳಿಗೆಲ್ಲ ಹೋದವು. ಕಳೆದ ಶತಮಾನ ಮುಗಿಯುವ ಹೊತ್ತಿಗೆ ಮಿಲ್ಲುಗಳೂ, ಅವುಗಳ ಬೆನ್ನಿಗೇ ಆ ಕಾರ್ಖಾನೆಯೂ ಸದ್ದು ನಿಲ್ಲಿಸಿದ್ದವು.

ಇಂಥ ಉದ್ಯಮಗಳು ನಡೆದ ಕಡೆಯೆಲ್ಲ ಬಿಲ್ಲೆಗಳಿದ್ದವು. ಲೇತ್, ಡ್ರಿಲ್ಲು ಇರುವ ಕಾರ್ಖಾನೆಯ ಟೂಲ್ ರೂಮಿನಲ್ಲಿ ಕೆಲಸಗಾರ ತನ್ನ ಸಂಖ್ಯೆಯ ಹಿತ್ತಾಳೆ ಬಿಲ್ಲೆ ಕೊಟ್ಟು ಮೈಕ್ರೋಮೀಟರ್ ಪಡೆಯುತ್ತಾನೆ. ಸಾಮಾನು ವಾಪಸು ಬರುವವರೆಗೆ ಬಿಲ್ಲೆ ಅದರ ಜಾಗದಲ್ಲಿ ತೂಗುತ್ತಿರುತ್ತದೆ. ಮಿಲ್ಲುಗಳಲ್ಲಿ ಹಾಜರಿಗೆ, ಕ್ಯಾಂಟೀನಿನಲ್ಲಿ ಚಹಾ, ಊಟಕ್ಕೆ ಬಿಲ್ಲೆ ಕೊಡುವ ರೂಢಿಯಿತ್ತು. ಬ್ಯಾಂಕಿನಲ್ಲಿ ಚೆಕ್ ಕೊಟ್ಟವರಿಗೆ ಗುಮಾಸ್ತರು ಹಿತ್ತಾಳೆ ಟೋಕನ್ ಕೊಡುತ್ತಿದ್ದರು. ಕ್ಯಾಷಿಯರು ಸಂಖ್ಯೆ ಕೂಗಿದಾಗ ಅದನ್ನು ಮರಳಿಸಿ ಹಣ ಎಣಿಸಿಕೊಳ್ಳಬೇಕಿತ್ತು.

ಇವುಗಳಲ್ಲಿ ಬ್ಯಾಂಕ್ ಟೋಕನ್ನುಗಳಿಗೆ ಈಗ ವಿಶೇಷ ಅರ್ಥ ಬಂದಿದೆ. 1913ರಲ್ಲಿ ಹುಟ್ಟಿದ ಮೈಸೂರು ಬ್ಯಾಂಕ್ 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಸೇರಿಹೋಯಿತು. ವಿಜಯಾ ಬ್ಯಾಂಕ್ 2019ರಲ್ಲಿ, ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್, ಸಿಂಡಿಕೇಟ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ಕರಗಿದವು. ಕನ್ನಡಿಗರೇ ಕಟ್ಟಿದ ಬ್ಯಾಂಕುಗಳ ಹೆಸರನ್ನು ಲೋಹದಲ್ಲಿ ಉಳಿಸಿಕೊಂಡಿರುವುದು ಈ ಟೋಕನ್ನುಗಳು. ಎರಡು ಸಾವಿರ ವರ್ಷ ಹಳೆಯ ನಾಣ್ಯವಷ್ಟೇ ಚರಿತ್ರೆ ಎಂದುಕೊಂಡವರು ಇದನ್ನು ಒಮ್ಮೆ ಯೋಚಿಸಬೇಕು.

ವಯಸ್ಸು ಗುರುತಿಸುವ ಬಗೆ

ಬಿಲ್ಲೆಯ ಮೇಲೆ ಇಸವಿ ಇರುವುದು ಅಪರೂಪ. ಇದ್ದರೂ ಅದೊಂದನ್ನೇ ನಂಬಬಾರದು. ಉಳಿದ ಬರಹದಲ್ಲಿ ಸಾಕ್ಷಿ ಸಿಗುತ್ತದೆ. ‘ಮೈಸೂರು ರಾಜ್ಯ’ ಎಂದಿದ್ದರೆ ಅದು 1973ರ ನವೆಂಬರ್ 1ಕ್ಕಿಂತ ಹಿಂದಿನದಿರಬೇಕು. ದಾವಣಗೆರೆಯನ್ನೋ ಹರಿಹರವನ್ನೋ ಚಿತ್ರದುರ್ಗ ಜಿಲ್ಲೆಯೆಂದು ಬರೆದಿದ್ದರೆ 1997ರ ಆಗಸ್ಟ್ 15ರ ಮುಂಚಿನದು. ದಾವಣಗೆರೆ ಜಿಲ್ಲೆಯಾದದ್ದು ಅಂದೇ. ಪಿನ್‌ಕೋಡ್ ಇದ್ದರೆ 1972ರ ನಂತರದ್ದು. ಆಣೆಯ ಲೆಕ್ಕವಿದ್ದರೆ ಸಾಮಾನ್ಯವಾಗಿ 1957ರ ಹಿಂದಿನದು; ‘ನಯೇ ಪೈಸೆ’ ಎಂದಿದ್ದರೆ 1957ರಿಂದ 1964ರ ನಡುವಿನದು.

ಲೋಹವೂ ಮಾತಾಡುತ್ತದೆ. ಅಲ್ಯೂಮಿನಿಯಂ ಅಗ್ಗವಾದದ್ದು 1886ರಲ್ಲಿ ಹೊಸ ತಯಾರಿಕಾ ವಿಧಾನ ಬಂದ ಮೇಲೆ. ಆ ಲೋಹದ ಮೇಲೆ 1818 ಎಂದಿದ್ದರೆ ಮುಂದೆ ನೋಡುವ ಅಗತ್ಯವೇ ಇಲ್ಲ. ಹಿತ್ತಾಳೆ, ತಾಮ್ರ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅಂಟಿದರೆ ಒಳಗೆ ಕಬ್ಬಿಣವಿದೆ. ಹತ್ತು ಪಟ್ಟು ದೊಡ್ಡದಾಗಿ ಕಾಣಿಸುವ ಮಸೂರದಲ್ಲಿ ಅಂಚನ್ನು ನೋಡಿ. ಅಚ್ಚಿಗೆ ಹೊಡೆದ ಬಿಲ್ಲೆಯ ಅಕ್ಷರಗಳ ಅಂಚು ಚೂಪಾಗಿರುತ್ತದೆ. ಎರಕದ ನಕಲಿನಲ್ಲಿ ಸಣ್ಣ ಗುಳಿಗಳು, ಅಂಚಿನ ಸುತ್ತ ಕೂಡುಗೆರೆ ಕಾಣಬಹುದು. ಆದರೆ ಎರಕವೆಂದ ಮಾತ್ರಕ್ಕೆ ನಕಲಲ್ಲ. ಹಳೆಯ ಬಿಲ್ಲೆಗಳಲ್ಲೂ ಎರಕದವಿವೆ. ಅದೇ ಸಂಸ್ಥೆಯ ಇನ್ನೊಂದು ಬಿಲ್ಲೆಯ ಜತೆ ತೂಕ, ಅಗಲ, ಅಕ್ಷರದ ಆಕಾರ ಹೋಲಿಸಿ ನೋಡುವುದೇ ಸರಿಯಾದ ದಾರಿ.

ಕೊಂಡ ಮೇಲೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಹಬ್ಬಕ್ಕೆ ಹಿತ್ತಾಳೆ ಪಾತ್ರೆ ಬೆಳಗುವುದು ಬೇರೆ, ಇದು ಬೇರೆ. ವರ್ಷಗಟ್ಟಲೆ ಕೂತ ಕಂದುಬಣ್ಣವೇ ಬಿಲ್ಲೆಯ ವಯಸ್ಸಿನ ಸಾಕ್ಷಿ. ಅದನ್ನು ಅಳಿಸಿದರೆ ಬೆಲೆಯೂ ಅಳಿಯುತ್ತದೆ, ಚರಿತ್ರೆಯೂ ಅಳಿಯುತ್ತದೆ. ಪಿವಿಸಿ ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಕಾಲಕ್ರಮೇಣ ಹಸಿರು ಕಿಲುಬು ಹಿಡಿಯುತ್ತದೆ. ಆಮ್ಲವಿಲ್ಲದ ಕಾಗದದ ಲಕೋಟೆ ಸಾಕು.

ಎಚ್ಚರ ತಪ್ಪಬಾರದ ಜಾಗಗಳು

ಮೊದಲನೆಯದು ‘ರೈಸ್ ಪುಲ್ಲಿಂಗ್’. ಅಕ್ಕಿ ಕಾಳನ್ನು ಸೆಳೆಯುವ ದೈವೀ ಶಕ್ತಿ ಈ ನಾಣ್ಯಕ್ಕಿದೆ, ಕೋಟಿಗೆ ಮಾರಬಹುದು ಎಂದು ಹೇಳಿ ಹಣ ಕೀಳುವ ದಂಧೆ ಇದು. ಕಂಪನಿಯ ಹೆಸರಿನ ಹುಸಿ ಬಿಲ್ಲೆಗಳೇ ಇದರ ಬಂಡವಾಳ. ಕಬ್ಬಿಣದ ಪುಡಿ ಅಂಟಿಸಿದ ಅಕ್ಕಿ, ಅಡಗಿಸಿಟ್ಟ ಅಯಸ್ಕಾಂತ, ಅಷ್ಟೇ ಇದರ ಮಹಿಮೆ. ಕರ್ನಾಟಕದ ಪೊಲೀಸ್ ಠಾಣೆಗಳಲ್ಲಿ ಇಂಥ ಪ್ರಕರಣಗಳು ಮತ್ತೆ ಮತ್ತೆ ದಾಖಲಾಗಿವೆ.

ಎರಡನೆಯದು ಮೊಬೈಲಿಗೆ ಬರುವ ಆಮಿಷ. ನಿಮ್ಮ ಹಳೆಯ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ತೆರಿಗೆ, ಕಮಿಷನ್ ಕಟ್ಟಿ ಎನ್ನುತ್ತಾರೆ. ಇಂಥ ವ್ಯವಹಾರಕ್ಕೂ ತನಗೂ ಸಂಬಂಧವಿಲ್ಲ, ಇದಕ್ಕಾಗಿ ತಾನು ಯಾವ ಶುಲ್ಕವನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್ 4ರಂದು ಸಾರ್ವಜನಿಕರಿಗೆ ಎಚ್ಚರಿಕೆ ನೀಡಿದೆ. ಕೊಳ್ಳುವವನು ಮಾರುವವನಿಂದಲೇ ಮುಂಗಡ ಕೇಳಿದರೆ ಅದು ಮೋಸ.

ಮೂರನೆಯದು ಕಾನೂನು. ನೂರು ವರ್ಷ ದಾಟಿದ ನಾಣ್ಯ, ಕಲಾವಸ್ತುಗಳು 1972ರ ಪುರಾತನ ವಸ್ತು ಮತ್ತು ಕಲಾ ಸಂಪತ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಅವುಗಳನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ. ಹೊಲ ಉಳುವಾಗ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಲೇಬೇಕು. ಒಂಟಿ ಹಳಿಯ ಮೇಲೆ ರೈಲು ಬಿಡಲು ಚಾಲಕನಿಗೆ ಕೊಡುತ್ತಿದ್ದ ಟೋಕನ್ ಗುಂಡುಗಳು ರೈಲ್ವೆಯ ಸ್ವತ್ತು. ಬ್ಯಾಂಕಿನ ಟೋಕನ್ ಬ್ಯಾಂಕಿನದು. ಅವು ಹರಾಜಿನಲ್ಲಿ ಹೊರಬಂದವೇ, ಕಳವಾಗಿ ಬಂದವೇ ಎಂದು ಕೇಳದೆ ಕೊಳ್ಳುವುದು ತಪ್ಪು. ರಸೀದಿ ಕೊಡದ ಕಡೆ ಕೊಳ್ಳದಿರುವುದೇ ಮೇಲು.

ಬಿಲ್ಲೆಗಿಂತ ಮೊದಲು ಪುಸ್ತಕ ಕೊಳ್ಳಿ. ಪ್ರೊ. ಎ.ವಿ. ನರಸಿಂಹಮೂರ್ತಿ ಅವರ 1975ರ ‘ದಿ ಕಾಯಿನ್ಸ್ ಆಫ್ ಕರ್ನಾಟಕ’ ಓದಿದವರಿಗೆ ನಮ್ಮ ನೆಲದ ನಾಣ್ಯ ಯಾವುದು, ಕಟ್ಟುಕಥೆ ಯಾವುದು ಎಂಬ ಕಣ್ಣು ಬರುತ್ತದೆ.

ಇನ್ನು ದಾವಣಗೆರೆ, ಹರಿಹರದವರಿಗೆ ಒಂದು ಮಾತು. ನಿಮ್ಮ ಊರಿನ ಬಿಲ್ಲೆಗಳಿಗೆ ದೂರದ ಹರಾಜಿನಲ್ಲಿ ಹೇಳಿಕೊಳ್ಳುವಂಥ ಬೆಲೆ ಇರಲಿಕ್ಕಿಲ್ಲ. ಆದರೆ ಅದು ಯಾವ ಗೇಟಿನಲ್ಲಿ, ಯಾವ ಪಾಳಿಯಲ್ಲಿ, ಯಾವುದಕ್ಕೆ ಬಳಕೆಯಾಗುತ್ತಿತ್ತೆಂದು ಹೇಳಬಲ್ಲವರು ನಿಮ್ಮಲ್ಲೇ ಇದ್ದಾರೆ. ಮಿಲ್ಲಿನಲ್ಲಿ, ಕಾರ್ಖಾನೆಯಲ್ಲಿ ದುಡಿದವರು ಈಗ ಮುಪ್ಪಿನಲ್ಲಿದ್ದಾರೆ. ಗುಜರಿಯಲ್ಲಿ ಹಿತ್ತಾಳೆ ಕಿಲೋ ಲೆಕ್ಕದಲ್ಲಿ ಕರಗುವ ಮುನ್ನ ಒಂದು ಬಿಲ್ಲೆ ಕೈಗೆ ಸಿಕ್ಕರೆ, ಅದರ ಎರಡೂ ಬದಿಯ ಚಿತ್ರ ತೆಗೆದು, ತೂಕ ಬರೆದು, ಯಾರಿಂದ ಬಂತು ಎಂಬುದನ್ನು ದಾಖಲಿಸಿ, ಬಳಸಿದವರ ಮಾತನ್ನು ಅವರ ಅನುಮತಿ ಪಡೆದು ಬರೆದಿಟ್ಟುಕೊಳ್ಳಿ. ಆ ಬರಹದ ಒಂದು ಪ್ರತಿಯನ್ನು 2009ರಲ್ಲಿ ಆರಂಭವಾದ ದಾವಣಗೆರೆ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೋ ನಿಮ್ಮೂರಿನ ಸಾರ್ವಜನಿಕ ಗ್ರಂಥಾಲಯಕ್ಕೋ ಕೊಡಿ. ಬಿಲ್ಲೆ ಇಂದು ನಿಮ್ಮಲ್ಲಿರುತ್ತದೆ, ನಾಳೆ ಇನ್ನೊಬ್ಬರಲ್ಲಿರುತ್ತದೆ. ಅದನ್ನು ಊರಿಗೆ ಕಟ್ಟಿಹಾಕುವುದು ಆ ಒಂದು ಹಾಳೆ ಬರಹ. ಜಾಣ ಸಂಗ್ರಾಹಕರು ಮೊದಲು ಗಳಿಸಬೇಕಾದದ್ದು ಅದನ್ನೇ.