ಸಮವಸ್ತ್ರಕ್ಕೂ ವೋಚರ್ ಬೇಕು

ನನ್ನ ಅಬ್ಬಾ ಟೈಲರ್. ಕಳೆದ ಜನವರಿಯಲ್ಲಿ ಒಬ್ಬ ಮಹಿಳೆ ನಮ್ಮ ಅಂಗಡಿಗೆ ಹಳೆಯ ಮಿಲಿಟರಿ ಕೋಟೊಂದನ್ನು ತಂದರು. ಗಣರಾಜ್ಯೋತ್ಸವದ ಛದ್ಮವೇಷ ಸ್ಪರ್ಧೆಗೆ ಅದನ್ನು ಮಗನ ಅಳತೆಗೆ ಕತ್ತರಿಸಿ ಹೊಲಿಯಬೇಕಿತ್ತು. ಅಬ್ಬಾ ಅಭ್ಯಾಸದಂತೆ ಕೋಟನ್ನು ಒಳಗಡೆ ತಿರುಗಿಸಿ ನೋಡಿದರು. ಒಳಜೇಬಿನಲ್ಲಿ ಟೈಲರ್ ಅಂಗಡಿಯ ಲೇಬಲ್ ಇತ್ತು, ಅದರ ಮೇಲೆ ಶಾಯಿಯಲ್ಲಿ ಒಂದು ಹೆಸರು, ಒಂದು ತಾರೀಖು. ಅಬ್ಬಾ ಕತ್ತರಿ ಕೆಳಗಿಟ್ಟರು. "ಇದು ಯಾರದಮ್ಮಾ?" ಎಂದು ಕೇಳಿದರು. "ನಮ್ಮ ಮಾವನವರದು, ಆರ್ಮಿಯಲ್ಲಿ ಅಧಿಕಾರಿ ಆಗಿದ್ದರು" ಎಂದರು. ಯಾವ ರೆಜಿಮೆಂಟ್, ಎಲ್ಲೆಲ್ಲಿ ಇದ್ದರು ಎಂಬುದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ಅತ್ತೆ ಹಿಂದಿನ ವರ್ಷ ತೀರಿಕೊಂಡಿದ್ದರು.

ಆ ಕೋಟು ನೋಡಿದ ಮೇಲೆ ನಾನು ಈ ವಿಷಯ ಓದತೊಡಗಿದೆ. ಹಳೆಯ ಸೈನಿಕ ಸಮವಸ್ತ್ರಗಳನ್ನು ಸಂಗ್ರಹಿಸುವ ಹವ್ಯಾಸಿಗಳು ಎಷ್ಟೋ ದೇಶಗಳಲ್ಲಿದ್ದಾರೆ. ಅವರಿಗೆ ಬರೀ ಕೋಟಿಗಿಂತ, ಯಾರದೆಂದು ದಾಖಲೆ ಇರುವ ಕೋಟು ಹೆಚ್ಚು. ಅಧಿಕಾರಿಗಳ ಕೋಟಿನಲ್ಲಿ ಇದು ಸಾಧ್ಯವಾಗಲು ಒಂದು ಕಾರಣವಿದೆ. ಬ್ರಿಟಿಷ್ ಸೈನ್ಯದಲ್ಲಿ ಸಿಪಾಯಿಗೆ ಸಮವಸ್ತ್ರವನ್ನು ಉಗ್ರಾಣದಿಂದ ಕೊಡುತ್ತಿದ್ದರು. ಅಧಿಕಾರಿಯಾದರೆ ತನಗೆ ಬೇಕಾದ ಟೈಲರ್ ಹತ್ತಿರ ಹೊಲಿಸಿಕೊಳ್ಳುತ್ತಿದ್ದ. ಟೈಲರ್ ಲೇಬಲ್ ಮೇಲೆ ಗಿರಾಕಿಯ ಹೆಸರು, ತಾರೀಖು ಬರೆಯುತ್ತಿದ್ದುದು ಇದರಿಂದಲೇ.

ನಮ್ಮ ಅಕೌಂಟೆನ್ಸಿ ತರಗತಿಯಲ್ಲಿ ಮೊದಲು ಕಲಿಸುವ ಪಾಠ: ವೋಚರ್ ಇಲ್ಲದೆ ನಮೂದಿಲ್ಲ. ಸಂಗ್ರಾಹಕರ ಪಾಠವೂ ಅದೇ. ಮಾರುವವನು ಹೇಳುವ ಕಥೆಗೆ ದುಡ್ಡು ಕೊಡಬೇಡ, ಕೈಯಲ್ಲಿರುವ ವಸ್ತುವಿಗೆ ಕೊಡು ಎನ್ನುತ್ತಾರೆ. ಅವರು ಮೂರು ವಿಷಯ ನೋಡುತ್ತಾರೆ.

ಮೊದಲನೆಯದು ಬಟ್ಟೆ. ಲೇಬಲ್, ಗುಂಡಿ, ದಾರ, ಹೊಲಿಗೆ ಎಲ್ಲವೂ ಒಂದೇ ಕಾಲದವೇ? ಬ್ಯಾಡ್ಜ್ ಕಿತ್ತು ಬೇರೆ ಹೊಲಿದ ತೂತುಗಳಿವೆಯೇ?

ಎರಡನೆಯದು ಕಾಗದ. ಬ್ರಿಟಿಷ್ ಅಧಿಕಾರಿಗಳ ನೇಮಕ, ಬಡ್ತಿಗಳು ಲಂಡನ್ ಗೆಜೆಟ್‌ನಲ್ಲಿ ಅಚ್ಚಾಗುತ್ತವೆ, ನಮ್ಮ ಅಧಿಕಾರಿಗಳದು ಭಾರತದ ಗೆಜೆಟ್‌ನಲ್ಲಿ. ಕೋಟಿನ ಮೇಲಿರುವ ದರ್ಜೆ ಅದಕ್ಕೆ ಹೊಂದಬೇಕು. ನಿವೃತ್ತಿಯಾದ ಮೇಲೆ ಆರಂಭವಾದ ಪದಕದ ರಿಬ್ಬನ್ ಕೋಟಿನ ಮೇಲಿದ್ದರೆ ಅದನ್ನು ಬೇರೆ ಯಾರೋ ಹೊಲಿದಿದ್ದಾರೆ ಎಂದರ್ಥ.

ಮೂರನೆಯದು ಕೈಬದಲು. ಕೋಟು ಯಾರಿಂದ ಯಾರಿಗೆ ಬಂತು? ನಡುವೆ ಒಂದು ಕೊಂಡಿ ತಪ್ಪಿದರೂ ಅನುಮಾನ ಶುರು.

ಈ ಮೂರೂ ಹೊಂದಿದ ಒಂದು ಕೋಟು ಲಂಡನ್ನಿನ ಗ್ರೀನಿಚ್‌ನಲ್ಲಿರುವ ನ್ಯಾಷನಲ್ ಮ್ಯಾರಿಟೈಮ್ ಮ್ಯೂಸಿಯಂನಲ್ಲಿದೆ. 1805ರ ಅಕ್ಟೋಬರ್ 21ರಂದು ಟ್ರಫಾಲ್ಗರ್ ಕದನದಲ್ಲಿ ಬ್ರಿಟಿಷ್ ವೈಸ್ ಅಡ್ಮಿರಲ್ ನೆಲ್ಸನ್ ತೊಟ್ಟಿದ್ದ ಕೋಟು ಅದು. 1797ರಲ್ಲಿ ಅವನು ಬಲಗೈ ಕಳೆದುಕೊಂಡಿದ್ದ. ಖಾಲಿ ತೋಳನ್ನು ಎದೆಯ ಗುಂಡಿಗೆ ಸಿಕ್ಕಿಸಲು ಹಾಕಿದ ಪುಟ್ಟ ಕುಣಿಕೆ ಬಲತೋಳಿನ ತುದಿಯಲ್ಲಿ ಈಗಲೂ ಇದೆ. ಎದೆಯ ಮೇಲೆ ಅವನಿಗೆ ಸಿಕ್ಕ ನಾಲ್ಕು ಗೌರವಗಳ ಕಸೂತಿ ನಕ್ಷತ್ರಗಳಿವೆ. ಅವುಗಳಲ್ಲಿ ಒಂದು ಒಟ್ಟೋಮನ್ ಸುಲ್ತಾನ ಮೂರನೆಯ ಸಲೀಂ ಕೊಟ್ಟ ಅರ್ಧಚಂದ್ರದ ಗೌರವ. ಎಡಭುಜದ ಹತ್ತಿರ ಗುಂಡಿನ ತೂತು ಇದೆ. ಅವನಿಗೆ ಚಿಕಿತ್ಸೆ ಮಾಡಿದ ವೈದ್ಯ ಬೀಟಿ ಆ ಗುಂಡನ್ನು ಹೊರತೆಗೆದು ಇಟ್ಟುಕೊಂಡಿದ್ದ. ಭುಜಪಟ್ಟಿಯ ಜರಿಯ ಎಳೆಗಳು ಅದಕ್ಕೆ ಅಂಟಿಕೊಂಡಿದ್ದವು. ಆ ಗುಂಡು ವಿಂಡ್ಸರ್ ಅರಮನೆಯಲ್ಲಿದೆ. ಕೋಟು ಒಂದು ಕಡೆ, ಗುಂಡು ಇನ್ನೊಂದು ಕಡೆ, ಸಾಕ್ಷಿ ಮಾತ್ರ ಒಂದೇ.

ಕೈಬದಲಿನ ಲೆಕ್ಕವೂ ಸ್ಪಷ್ಟವಾಗಿದೆ. ಕೋಟು ನೆಲ್ಸನ್‌ನ ಪ್ರೇಯಸಿ ಎಮ್ಮಾ ಹ್ಯಾಮಿಲ್ಟನ್ ಕೈ ಸೇರಿತು. ಅವಳು ಸಾಲದಲ್ಲಿ ಮುಳುಗಿದಾಗ ಅದು ಸಾಲದ ಲೆಕ್ಕದಲ್ಲಿ ಸ್ಮಿತ್ ಎಂಬ ಲಂಡನ್ನಿನ ಆಲ್ಡರ್‌ಮನ್‌ಗೆ ಹೋಯಿತು. ಅವನ ನಂತರ ಹೆಂಡತಿಯ ಹತ್ತಿರ ಇತ್ತು. 1845ರಲ್ಲಿ ರಾಣಿ ವಿಕ್ಟೋರಿಯಾಳ ಗಂಡ ಆಲ್ಬರ್ಟ್ 150 ಪೌಂಡ್ ಕೊಟ್ಟು ಅದನ್ನು ಖರೀದಿಸಿ ಗ್ರೀನಿಚ್ ಆಸ್ಪತ್ರೆಗೆ ದಾನ ಕೊಟ್ಟ. ಯಾರೂ ಅದನ್ನು ಒಗೆದು ಇಸ್ತ್ರಿ ಮಾಡಲಿಲ್ಲ. ರಕ್ತದ ಕಲೆಗಳೂ ಉಳಿದಿವೆ.

ನೆಲ್ಸನ್ ದೊಡ್ಡ ಹೆಸರು, ಅವನ ಕೋಟು ಉಳಿಯಿತು ಎನ್ನಬಹುದು. ಆದರೆ ಸಾಮಾನ್ಯ ಅಧಿಕಾರಿಯ ಕೋಟಿಗೇ ಕಾಗದ ಹೆಚ್ಚು ಬೇಕು, ಏಕೆಂದರೆ ಅವನ ಚರಿತ್ರೆಯನ್ನು ಬೇರೆ ಯಾರೂ ಬರೆದಿಡುವುದಿಲ್ಲ. ಮನೆಯಲ್ಲಿ ಇಂಥ ಬಟ್ಟೆ ಇದ್ದರೆ ಮಾಡಬೇಕಾದದ್ದು ಇಷ್ಟೇ. ಒಗೆಯಬೇಡಿ, ಬ್ಯಾಡ್ಜ್ ಕೀಳಬೇಡಿ, ಹೊಸದನ್ನು ಸೇರಿಸಬೇಡಿ. ಲೇಬಲ್‌ನ ಫೋಟೊ ತೆಗೆಯಿರಿ. ತೊಟ್ಟವರ ಫೋಟೊ, ಪತ್ರ, ಪಿಂಚಣಿ ಪುಸ್ತಕ ಒಂದೇ ಕಡೆ ಇಡಿ. ಒಂದು ಹಾಳೆಯಲ್ಲಿ ಹೆಸರು, ದರ್ಜೆ, ರೆಜಿಮೆಂಟ್, ಊರು ಬರೆದು ಇದನ್ನು ಯಾರು ಹೇಳಿದರು, ಯಾವ ದಿನ ಹೇಳಿದರು ಎಂದೂ ಸೇರಿಸಿ. ಆ ಹಾಳೆಯೇ ನಿಮ್ಮ ವೋಚರ್.

ಆ ಮಹಿಳೆ ಕೋಟನ್ನು ಕತ್ತರಿಸಲಿಲ್ಲ. ಅಬ್ಬಾ ಹುಡುಗನಿಗೆ ಅಂಗಡಿಯಲ್ಲಿದ್ದ ಹಸಿರು ಬಟ್ಟೆಯಲ್ಲಿ ಬೇರೆ ಕೋಟು ಹೊಲಿದು ಕೊಟ್ಟರು. ಅದನ್ನು ತೆಗೆದುಕೊಳ್ಳಲು ಬಂದ ದಿನ ಅವರು ಒಂದು ಹಾಳೆ ತೋರಿಸಿದರು. ಮಾವನವರ ತಂಗಿಗೆ ಫೋನ್ ಮಾಡಿ ಕೇಳಿ ಬರೆದದ್ದಂತೆ. ರೆಜಿಮೆಂಟ್ ಹೆಸರು ಸಿಕ್ಕಿತ್ತು, ಎರಡು ಊರುಗಳೂ ಸಿಕ್ಕಿದ್ದವು. ಉಳಿದ ಸಾಲುಗಳು ಖಾಲಿ ಇದ್ದವು. ಅವನ್ನು ತುಂಬಬಲ್ಲವರು ಇದ್ದದ್ದು ಹಿಂದಿನ ವರ್ಷದವರೆಗೆ.

ನಿಮ್ಮ ಮನೆಯ ಹಿರಿಯರನ್ನು ಈ ಭಾನುವಾರವೇ ಕೇಳಿ.