ಕಿಟ್ಟದೊಳಗಿನ ಗಾಜು

ಹೊಸಪೇಟೆಯ ತುಂಗಭದ್ರಾ ಅಣೆಕಟ್ಟೆಯ ಕಲ್ಲುಗಳನ್ನು ಬಿಗಿಹಿಡಿದಿರುವುದು ಮುಖ್ಯವಾಗಿ ಸುರ್ಕಿ ಗಾರೆ. ಸುಟ್ಟ ಮಣ್ಣಿನ ಪುಡಿಗೆ ಸುಣ್ಣ ಬೆರೆಸಿ ಅರೆದ ಈ ಗಾರೆ 1953ರಿಂದ ನದಿಯ ಭಾರ ತಾಳಿಕೊಂಡು ನಿಂತಿದೆ. ಬೆಂಕಿ ಕಂಡ ಮಣ್ಣು, ಜೊತೆಗೆ ಸುಣ್ಣ: ಈ ಜೋಡಿಯ ಬಲ ಹಂಪಿಯ ಗೋಪುರ ಕಟ್ಟಿದವರಿಗೂ ಗೊತ್ತಿತ್ತು.

ಅದೇ ಜೋಡಿ ಈಗ ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ ದಿನವೂ ಹೊಳೆಯಾಗಿ ಹರಿಯುತ್ತದೆ. ಉಕ್ಕಿನ ಕಾರ್ಖಾನೆಯ ಊದುಕುಲುಮೆಯಲ್ಲಿ ಕಬ್ಬಿಣ ಕೆಳಗಿಳಿದರೆ, ಅದಿರಿನ ಮಣ್ಣಿನಂಶ ಸುಣ್ಣದ ಜೊತೆ ಕರಗಿ ಮೇಲೆ ತೇಲುತ್ತದೆ. ಅದು ಕಿಟ್ಟ, ಕಾರ್ಖಾನೆಯ ಮಾತಿನಲ್ಲಿ ಸ್ಲ್ಯಾಗ್. ಒಂದು ಟನ್ ಕಬ್ಬಿಣಕ್ಕೆ ಸುಮಾರು 300ರಿಂದ 400 ಕಿಲೋ ಹೊರಬೀಳುತ್ತದೆ.

ಬಿಸಿ ತುಪ್ಪವನ್ನು ನಿಧಾನವಾಗಿ ಆರಲು ಬಿಟ್ಟರೆ ಹರಳುಗಟ್ಟುತ್ತದೆ, ತಣ್ಣೀರಲ್ಲಿಟ್ಟರೆ ನುಣ್ಣಗೆ ಹೆಪ್ಪಾಗುತ್ತದೆ. ಕಿಟ್ಟದ್ದೂ ಇದೇ ಗುಣ. ತಾನಾಗಿ ಆರಿದರೆ ಕಲ್ಲು. ರಭಸದ ನೀರಿಗೆ ಸಿಕ್ಕರೆ ಹರಳಾಗಲು ಪುರುಸೊತ್ತಿಲ್ಲದೆ ಗಾಜಿನ ಮರಳು. ಅಂಗೈಗೆ ಸುರಿದುಕೊಂಡರೆ ಮಾಸಲು ಬಿಳಿ ಕಾಳುಗಳು, ಬೆರಳಿಗೆ ಚುರುಕು, ಬಿಸಿಲಿಗೆ ಹಿಡಿದರೆ ಮಿಣಮಿಣ. ಈ ಮರಳನ್ನು ಅರೆದು ಸಿಮೆಂಟಿಗೆ ಬೆರೆಸುತ್ತಾರೆ. ಹೊಳೆಮರಳಿನ ಬದಲು ಕಾಂಕ್ರೀಟಿಗೂ ಹಾಕುತ್ತಾರೆ. 2016ರ ಭಾರತೀಯ ಮಾನಕವೇ ಅದಕ್ಕೆ ಅವಕಾಶ ಕೊಟ್ಟಿದೆ. ತುಂಗಭದ್ರೆಯ ಒಡಲು ಬಗೆಯುವುದು ಅಷ್ಟರಮಟ್ಟಿಗೆ ತಪ್ಪಿದರೆ ಅದೇನೂ ಸಣ್ಣ ಲಾಭವಲ್ಲ.

ಆದರೆ ಕಿಟ್ಟಕ್ಕೆ ಇನ್ನೂ ಎತ್ತರದ ಬಾಳಿದೆ. ಅಣೆಕಟ್ಟೆ ಮುಗಿಯುತ್ತಿದ್ದ ಕಾಲದಲ್ಲೇ ಅಮೆರಿಕದ ಕಾರ್ನಿಂಗ್ ಕಂಪನಿಯಲ್ಲಿ ಡೊನಾಲ್ಡ್ ಸ್ಟೂಕಿ ಗಾಜಿನ ತುಂಡೊಂದನ್ನು 600 ಡಿಗ್ರಿಗೆ ಕಾಯಿಸಲು ಇಟ್ಟಿದ್ದರು. ಕುಲುಮೆ ಹತೋಟಿ ತಪ್ಪಿ 900ಕ್ಕೆ ಏರಿತು. ಕರಗಿರಬೇಕಿದ್ದ ಗಾಜು ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು. ಇಕ್ಕಳದಿಂದ ಜಾರಿ ನೆಲಕ್ಕೆ ಬಿದ್ದರೂ ಒಡೆಯಲಿಲ್ಲ. ಗಾಜಿನೊಳಗೆಲ್ಲ ಸಣ್ಣ ಹರಳುಗಳು ಒತ್ತೊತ್ತಾಗಿ ಬೆಳೆದಿದ್ದವು. ಗಾಜು-ಸೆರಾಮಿಕ್ ಹುಟ್ಟಿದ್ದು ಹಾಗೆ. 1960ರ ದಶಕದಲ್ಲಿ ಉಕ್ರೇನಿನ ಕೊನ್‌ಸ್ಟಾಂಟಿನೊವ್ಕಾದ ಗಾಜಿನ ಕಾರ್ಖಾನೆ ಇದೇ ವಿದ್ಯೆಯನ್ನು ಕಿಟ್ಟಕ್ಕೆ ಹಚ್ಚಿ, ನೆಲಕ್ಕೂ ಗೋಡೆಗೂ ಹಾಸುವ ಹಲಗೆಗಳನ್ನು ತಯಾರಿಸಿತು. ಸವೆತಕ್ಕೂ ಆಮ್ಲಕ್ಕೂ ಅವು ಜಗ್ಗುವುದಿಲ್ಲ.

ಹಲಗೆಗೆ ಬೇಕಾದ್ದು ಕಿಟ್ಟದಲ್ಲಿರುವುದಕ್ಕಿಂತ ಹೆಚ್ಚು ಸಿಲಿಕಾ. ಅದಕ್ಕೆ ದೂರ ಹೋಗಬೇಕಿಲ್ಲ: ಹತ್ತಿರದ ಕಂಪ್ಲಿಯ ಸುತ್ತ ಭತ್ತದ ಗದ್ದೆಗಳೇ. ಉಮಿ ಸುಟ್ಟ ಬೂದಿಯಲ್ಲಿ ಬಹುಪಾಲು ಸಿಲಿಕಾ. ಹರಳಿಗೆ ಬೀಜವಾಗಬಲ್ಲ ಮ್ಯಾಂಗನೀಸ್ ಸಂಡೂರಿನ ಗುಡ್ಡದಲ್ಲೇ ಇದೆ. ಕಿಟ್ಟವಂತೂ ಸುಮಾರು 1500 ಡಿಗ್ರಿಯಲ್ಲಿ ಕರಗಿಯೇ ಹೊರಬರುತ್ತದೆ. ಅದನ್ನು ನೀರಿಗೆ ಬಿಟ್ಟು ಆ ಕಾವನ್ನೆಲ್ಲ ಆವಿ ಮಾಡುವ ಮೊದಲು, ಒಂದು ಪಾಲನ್ನಾದರೂ ಬೂದಿಯ ಜೊತೆ ಕಲಸಿ ಹಲಗೆ ಎರೆದು ನೋಡಬೇಕು.